ಅಂತರ್ಜಲವೂ ಒಕ್ಕಲುತನವೂ



ಒಕ್ಕಲುಮಕ್ಕಳೇ ಹೆಚ್ಚಾಗಿ ನೆರೆದಿರುವ ಈ ಸಭೆಯಲ್ಲಿ ನೀರಿನ ಮಾತನ್ನಲ್ಲದೆ ಬೇರೊಂದನ್ನಾಡಲು ನನಗೆ ಮನಸ್ಸು ಬಾರದು. ಅಗರಖೇಡವು ಭೀಮಾತೀರದ ಊರು. ನದಿಯ ನೆರೆಯವರಿಗೆ ನೀರಿನ ಚಿಂತೆಯೇಕೆಂದು ಪರಸ್ಥಳದವರು ಕೇಳಬಹುದು. ಆದರೆ 1980ರಲ್ಲಿ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟು ಮುಗಿದಂದಿನಿಂದ ಭೀಮೆಯು ಮೊದಲಿನ ಭೀಮೆಯಾಗಿ ಉಳಿದಿಲ್ಲ. ಬೇಸಗೆಯಲ್ಲಿ ಮೇಲಿನಿಂದ ಬಿಟ್ಟರೆ ನೀರು, ಬಿಡದಿದ್ದರೆ ಬರಿಯ ಉಸುಕು. ಇದೇ ನದಿಯು 2020ರ ಅಕ್ಟೋಬರದಲ್ಲಿ ದಂಡೆಯ ಬೆಳೆಗಳನ್ನು ಮುಳುಗಿಸಿತೆಂಬುದನ್ನೂ ತಾವು ಬಲ್ಲಿರಿ. ಹೀಗಿರಲು ಬೇಸಾಯದ ಭಾರವೆಲ್ಲ ನೆಲದೊಳಗಣ ನೀರಿನ ಮೇಲೆ ಬಿದ್ದಿದೆ.

ಆ ನೀರಾದರೂ ಎಲ್ಲಿದೆ? ನಮ್ಮ ಎರೆಮಣ್ಣಿನ ಅಡಿಯಲ್ಲಿರುವುದು ಪುರಾತನ ಕಾಲದಲ್ಲಿ ಲಾವಾರಸವು ಪದರುಪದರಾಗಿ ಹರಿದು ಆರಿದ ಕರಿಯ ಕಲ್ಲು. ಮೇಲಿನ ಸಡಿಲಾದ ಗರಸಿನಲ್ಲಿ ಒಂದಿಷ್ಟು, ಕೆಳಗಣ ಬಿರುಕುಗಳಲ್ಲಿಯೂ ಪದರುಗಳ ಸಂದಿನಲ್ಲಿಯೂ ಒಂದಿಷ್ಟು ನೀರು ನಿಲ್ಲುವುದೇ ಹೊರತು, ಪಾತಾಳಗಂಗೆಯೆಂಬ ಹೊಳೆಯೊಂದು ಕೆಳಗೆ ಹರಿಯುತ್ತಿಲ್ಲ. ಹಿರಿಯರು ಎತ್ತು ಹೂಡಿ ತೊಗಲಿನ ಮೊಟ್ಟೆಯಿಂದ ನೀರೆತ್ತುತ್ತಿದ್ದಾಗ ಎತ್ತು ದಣಿದರೆ ಬಾವಿಗೂ ವಿಶ್ರಾಂತಿ ದೊರೆಯುತ್ತಿತ್ತು. ಪಂಪಿಗೆ ದಣಿವಿಲ್ಲ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ 2008ರಿಂದ ವಿದ್ಯುತ್ತು ಉಚಿತವಾದುದು ಬಡವನಿಗೆ ಉಪಕಾರವೇ ಅಹುದು. ಆದರೆ ಎತ್ತಿದ ನೀರಿಗೆ ಲೆಕ್ಕವಿಡುವ ರೂಢಿಯೂ ಅದರೊಡನೆ ತಪ್ಪಿತು. ಒಬ್ಬನು 300 ಅಡಿ ಕೊರೆಸಿದರೆ ನೆರೆಯವನು 600 ಅಡಿ ಕೊರೆಸುವನು. ಕಲ್ಲಿನ ಬಿರುಕಿಗೆ ಹೊಲದ ಬದು ತಿಳಿಯದು. ಹೊಸ ನೀರು ಬಂದಿತೆಂದು ಇಲ್ಲಿ ಕಾಯಿ ಒಡೆಯುತ್ತಿರುವಾಗ ಅಲ್ಲಿ ಪಕ್ಕದವನ ಬಾವಿ ಬತ್ತಿರುತ್ತದೆ. ಸಾಲವು ಮಾತ್ರ ಇಬ್ಬರಿಗೂ ಉಳಿಯುವುದು.

ಈಗ ಒಂದು ಲೆಕ್ಕವನ್ನು ನೋಡೋಣ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 580 ಮಿಲಿಮೀಟರು. ಕಬ್ಬು ಬೇಡುವುದು ಹೆಚ್ಚುಕಡಿಮೆ 2000. ಬಿದ್ದ ಮಳೆಯನ್ನೆಲ್ಲ ಕಬ್ಬೇ ಕುಡಿಯಿತೆಂದರೂ ಒಂದು ಎಕರೆಗೆ ಇನ್ನೂ 50 ಲಕ್ಷ ಲೀಟರಿಗೂ ಮಿಕ್ಕಿ ನೀರು ಬೇಕು. ಮಳೆಯಲ್ಲಿ ಹತ್ತರಲ್ಲೊಂದು ಪಾಲು ನೆಲಕ್ಕಿಳಿಯುವುದೆಂದು ಹಿಡಿದರೆ, ಎಕರೆಯೊಂದರಲ್ಲಿ ಇಂಗುವುದು 2 ಲಕ್ಷ ಲೀಟರಿಗೆ ತುಸು ಹೆಚ್ಚು. ಎಂದರೆ ಒಂದು ಎಕರೆ ಕಬ್ಬು ಇಪ್ಪತ್ತು ಎಕರೆಗೂ ಹೆಚ್ಚಿನ ಭೂಮಿಯ ಪಾಲನ್ನು ಕುಡಿಯುತ್ತದೆ. ಕಬ್ಬು ಬೆಳೆದವನನ್ನು ನಾನು ನಿಂದಿಸುವುದಿಲ್ಲ. ಕಾರಖಾನೆಯು ಅವನ ಮಾಲನ್ನು ಕೊಳ್ಳುತ್ತದೆ, ಜೋಳಕ್ಕೆ ಅಂಥ ಗಿರಾಕಿಯಿಲ್ಲ. ಆದರೂ ಹಿಂಗಾರಿಯ ಬಿಳಿಜೋಳವು ಎರೆಯಲ್ಲಿ ಉಳಿದ ಹಸಿಯಿಂದಲೇ ತೆನೆಗಟ್ಟುವುದೆಂಬುದನ್ನು ನಾವು ಮರೆಯಲಾಗದು.

ನನ್ನ ಹೆಚ್ಚಿನ ಕಳವಳವು ಲಿಂಬೆಯ ತೋಟಗಳದು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತುದು ಸಂತೋಷದ ಸಂಗತಿ. ಜೋಳ ಒಣಗಿದರೆ ಮುಂದಿನ ವರ್ಷ ಮತ್ತೆ ಬಿತ್ತಬಹುದು. ಲಿಂಬೆಯ ಗಿಡ ಒಣಗಿದರೆ ಹಲವು ವರ್ಷಗಳ ಪೋಷಣೆಯೇ ಹೋಯಿತು. ಅದಕ್ಕಾಗಿಯೇ ಬರಗಾಲದಲ್ಲಿ ನಮ್ಮವರು ಟ್ಯಾಂಕರಿನ ನೀರನ್ನು ಕೊಂಡು ಗಿಡಗಳಿಗೆ ಉಣಿಸಿದರು. ಹನಿ ನೀರಾವರಿಯಿಂದ ಉಪಯೋಗವುಂಟು. ಉಳಿಸಿದ ನೀರಿನಿಂದ ಮತ್ತೆರಡು ಎಕರೆ ಕಬ್ಬು ಹಚ್ಚಿದರೆ ನೆಲಕ್ಕೆ ಉಳಿದುದೇನು?

ಹಿಂದೆ ಅಹಮದನಗರವೆನ್ನುತ್ತಿದ್ದ ಸೀಮೆಯ ಹಿವರೆ ಬಜಾರವೆಂಬ ಹಳ್ಳಿಯು ನಮ್ಮಂತೆಯೇ ಕರಿಗಲ್ಲಿನ ಮೇಲಿದೆ. ಅಲ್ಲಿಯ ಮಳೆಯು ನಮ್ಮದಕ್ಕಿಂತಲೂ ಕಡಿಮೆ. 1990ರ ಸುಮಾರಿಗೆ ಪೋಪಟರಾವ ಪವಾರರು ಸರಪಂಚರಾದ ಬಳಿಕ ಆ ಊರವರು ಗುಡ್ಡದಲ್ಲಿ ಕಂದಕ ತೋಡಿ ಹಳ್ಳಗಳಿಗೆ ಒಡ್ಡು ಕಟ್ಟಿದರು. ಇಷ್ಟನ್ನು ಬೇರೆ ಊರವರೂ ಮಾಡಿದ್ದಾರೆ. ಇವರ ವಿಶೇಷವೆಂದರೆ, ಬೇಸಾಯಕ್ಕೆ ಕೊಳವೆಬಾವಿ ಕೊರೆಯುವುದನ್ನು ತಾವಾಗಿಯೇ ನಿಲ್ಲಿಸಿದರು. ಕಬ್ಬು ಬಾಳೆಗಳನ್ನು ಬಿಟ್ಟರು. ವರ್ಷವರ್ಷವೂ ಮಳೆಯನ್ನೂ ಬಾವಿಯ ನೀರನ್ನೂ ಅಳೆದು, ಗ್ರಾಮಸಭೆಯಲ್ಲಿ ಕುಳಿತು ಯಾವ ಬೆಳೆ ಎಷ್ಟೆಂದು ನಿಶ್ಚಯಿಸಿದರು. ನಮ್ಮ ರಾಜ್ಯದಲ್ಲಿಯೂ ಅಂತರ್ಜಲವನ್ನು ನಿಯಂತ್ರಿಸಲು 2011ರ ಕಾಯದೆಯುಂಟು. ಆದರೆ ಹೊಲಹೊಲದಲ್ಲಿ ಕಾವಲು ಕೂರಲು ಯಾವ ಅಧಿಕಾರಿಯಿಂದಲೂ ಆಗದು.

ಆದುದರಿಂದ ತಮ್ಮಲ್ಲಿ ನನ್ನ ಬಿನ್ನಹವಿಷ್ಟು. ಊರಿನ ನಾಲ್ಕು ದಿಕ್ಕುಗಳಲ್ಲಿ ಹತ್ತು ಬಾವಿಗಳನ್ನು ಆರಿಸಿ, ದೀಪಾವಳಿಗೊಮ್ಮೆ ಯುಗಾದಿಗೊಮ್ಮೆ ಹಗ್ಗ ಇಳಿಬಿಟ್ಟು ನೀರಿನ ಆಳವನ್ನು ಅಳೆದು, ಮಠದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಿಸೋಣ. ಹೊಸ ಕಬ್ಬು ಹಚ್ಚುವ ಮೊದಲು ಆ ಲೆಕ್ಕವು ಊರಿನ ಸಭೆಯ ಮುಂದೆ ಬರಲಿ. ಮೊದಲು ಯಾರ ಬಾವಿಗೆ ಹಗ್ಗ ಇಳಿಸಬೇಕೆಂಬುದನ್ನು ಪ್ರಸಾದಕ್ಕೆ ಏಳುವ ಮುನ್ನ ಇಲ್ಲಿಯೇ ಗೊತ್ತುಮಾಡೋಣ.