ಜೇನಿನ ವೇಷದ ನೊಣ: ಗುರುತಿಸುವುದು ಹೇಗೆ?



ಬೆಳಗಿನ ಬಿಸಿಲೇರುವ ಹೊತ್ತಿಗೆ ಸಾಸಿವೆ ಅಥವಾ ಕೊತ್ತಂಬರಿ ಹೂವಿನ ಮುಂದೆ, ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುವ ಹಳದಿ-ಕಪ್ಪು ಪಟ್ಟೆಯ ಕೀಟವೊಂದು ಕಾಣುತ್ತದೆ. ಹಲವರು ಇದನ್ನು ಜೇನೆಂದೋ ಕಣಜವೆಂದೋ ತಿಳಿಯುತ್ತಾರೆ. ಇದು ಎರಡೂ ಅಲ್ಲ. ಸಿರ್ಫಿಡ್ ಕುಟುಂಬದ ನೊಣ. ಇದರ ಮರಿಹುಳು ಬೆಳೆಯ ಹೇನುಗಳನ್ನು ತಿಂದು ಬೆಳೆಯುತ್ತದೆ. ಗುರುತು ತಿಳಿಯದೆ ಇದನ್ನು ಕೊಂದರೆ ನಷ್ಟ ರೈತನಿಗೇ.

ಮೊದಲು ರೆಕ್ಕೆ ಎಣಿಸಬೇಕು. ಜೇನು, ಕಣಜಗಳಿಗೆ ಎರಡು ಜೊತೆ ರೆಕ್ಕೆಗಳು. ನೊಣಕ್ಕೆ ಒಂದೇ ಜೊತೆ. ಹಿಂದಿನ ಜೊತೆಯ ಜಾಗದಲ್ಲಿ ಗುಂಡುಸೂಜಿಯಂತಹ ಎರಡು ಪುಟ್ಟ ಅಂಗಗಳಿದ್ದು, ಹಾರುವಾಗ ಸಮತೋಲ ಕಾಯುತ್ತವೆ. ಕುಡಿಮೀಸೆ ತೀರ ಗಿಡ್ಡ. ಕಣ್ಣುಗಳು ದೊಡ್ಡವು. ಕಣಜದಂತೆ ಸಣ್ಣ ನಡುವಿಲ್ಲ. ಕೊಂಡಿ ಇಲ್ಲದ್ದರಿಂದ ಕುಟುಕುವುದೂ ಇಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ರೆಕ್ಕೆಯ ನಡುವೆ, ಬೇರೆ ನರಗಳೊಡನೆ ಕೂಡದ ಒಂದು 'ಹುಸಿ ನರ' ಕಾಣುತ್ತದೆ. ಈ ಕುಟುಂಬದ ಮುಖ್ಯ ಗುರುತು ಇದೇ.

ಈ ಕುಟುಂಬದ ಎಪಿಸಿರ್ಫಸ್ ಬಾಲ್ಟಿಯೇಟಸ್ ಎಂಬ ಜಾತಿಯನ್ನು ಉದರದ ಪಟ್ಟೆಗಳಿಂದಲೇ ಹೇಳಬಹುದು. ಉದ್ದ ಸುಮಾರು 10 ಮಿಲಿಮೀಟರ್. ಕಿತ್ತಳೆ-ಹಳದಿ ಉದರದ 3 ಮತ್ತು 4ನೆಯ ಖಂಡಗಳಲ್ಲಿ ದಪ್ಪ ಕಪ್ಪು ಪಟ್ಟೆಯಲ್ಲದೆ ತೆಳುವಾದ ಇನ್ನೊಂದು ಕಪ್ಪು ಪಟ್ಟೆಯೂ ಇರುತ್ತದೆ. ಈ ಜೋಡಿ ಪಟ್ಟೆಯೇ ಅದರ ಗುರುತು.

ಹೆಚ್ಚು ಮೋಸಹೋಗುವುದು ಮರಿಹುಳುವಿನ ವಿಷಯದಲ್ಲಿ. ಹೇನು ಕವಿದ ಎಲೆಯ ಅಡಿಯಲ್ಲಿ ಹರಿದಾಡುವ ಇದನ್ನು ಎಲೆ ತಿನ್ನುವ ಕೀಡೆಯೆಂದು ಹೊಸಕಿ ಹಾಕುವುದುಂಟು. ಕೀಡೆಗೆ ಗಟ್ಟಿ ತಲೆಯೂ ಕಾಲುಗಳೂ ಇರುತ್ತವೆ. ಈ ಮರಿಗೆ ಕಾಲಿಲ್ಲ, ಎದ್ದು ಕಾಣುವ ತಲೆಯೂ ಇಲ್ಲ. ಮೈ ಮುಂದಕ್ಕೆ ಚೂಪಾಗಿರುತ್ತದೆ. ಅದು ಹೇನನ್ನು ಹಿಡಿದೆತ್ತಿ ರಸ ಹೀರಿ, ಒಣ ಚರ್ಮವನ್ನು ಬಿಸುಡುತ್ತದೆ. ಬೆಳೆದು ಕೋಶವಾಗುವುದರೊಳಗೆ ಒಂದೊಂದು ಮರಿ ನೂರಾರು ಹೇನುಗಳನ್ನು ಮುಗಿಸಬಲ್ಲದು.

ಆದ್ದರಿಂದ ಹೇನು ಕಂಡೊಡನೆ ಔಷಧಿ ಸಿಂಪಡಿಸದೆ, ಹೊಲದ ಬೇರೆ ಬೇರೆ ಕಡೆಯ ಗಿಡಗಳ ಎಲೆ ಮಗುಚಿ ನೋಡಿರಿ. ಹೇನಿನ ಗುಂಪುಗಳಲ್ಲಿ ಈ ಮರಿಗಳು ಧಾರಾಳವಾಗಿದ್ದರೆ ಕೆಲವು ದಿನ ಕಾದು ಮತ್ತೆ ಪರೀಕ್ಷಿಸಿರಿ. ಹೇನು ಹೆಚ್ಚುತ್ತಲೇ ಹೋದರೆ ಬಾಧೆಯಿರುವ ಕಡೆ ಮಾತ್ರ ಸಿಂಪಡಿಸಿರಿ. ಪ್ರೌಢ ನೊಣಕ್ಕೆ ಮಕರಂದ, ಪರಾಗಗಳೇ ಆಹಾರ. ಬದುವಿನಲ್ಲಿ ಒಂದೆರಡು ಸಾಲು ಕೊತ್ತಂಬರಿಯನ್ನು ಹೂವಿಗೆ ಬಿಟ್ಟರೆ ಅದು ಹೊಲದಲ್ಲೇ ನೆಲೆಸುತ್ತದೆ.