ಲ್ಹಾಸಾ ಆಪ್ಸೊ: ಒಳಮನೆಯ ಕಾವಲುಗಾರ



ಚಿಕ್ಕ ನಾಯಿಯೊಂದನ್ನು ಸಾಕಬೇಕೆಂದಿರುವ ಮಿತ್ರರು ನನ್ನನ್ನು ಮೊದಲು ಕೇಳುವುದು, ಅದು ಹೇಳಿದ ಮಾತನ್ನು ಕೇಳುವುದೇ ಎಂದು. ಲ್ಹಾಸಾ ಆಪ್ಸೊ ಜಾತಿಯ ವಿಷಯದಲ್ಲಿ ನನ್ನ ಉತ್ತರವಿಷ್ಟೆ: ಕೇಳುವುದು, ಕೇಳಿ, ಯೋಚಿಸಿ, ತನಗೆ ಸರಿತೋರಿದಂತೆ ಮಾಡುವುದು.

ಇದು ಕುಚೇಷ್ಟೆಯಲ್ಲ, ಹುಟ್ಟುಗುಣ. ಟಿಬೆಟ್ಟಿನ ಮಠಗಳಲ್ಲಿಯೂ ಸಿರಿವಂತರ ಮನೆಗಳಲ್ಲಿಯೂ ಹೊರಬಾಗಿಲ ಕಾವಲು ದೊಡ್ಡ ಮಾಸ್ಟಿಫ್ ನಾಯಿಯದು. ಅದನ್ನು ದಾಟಿ ಒಳಬಂದವರ ಸುಳಿವನ್ನು ಬೊಗಳಿ ತಿಳಿಸುವುದು, ಭುಜದವರೆಗೆ ಹತ್ತಂಗುಲವಿರುವ ಈ ಪುಟ್ಟ ಪ್ರಾಣಿಯ ಉದ್ಯೋಗ. ಬಂದವನು ಪರಿಚಿತನೋ ಅಲ್ಲವೋ ಎಂಬುದನ್ನು ಯಜಮಾನನ ಅಪ್ಪಣೆಗೆ ಕಾಯದೆ ತಾನೇ ನಿರ್ಣಯಿಸತಕ್ಕದ್ದು. 13ನೆಯ ದಲೈ ಲಾಮಾ ಅವರು ಸೈಡಮ್ ಕಟಿಂಗ್ ಎಂಬ ಅಮೆರಿಕನ್ ಪ್ರವಾಸಿಗೆ ಉಡುಗೊರೆಯಾಗಿತ್ತ ನಾಯಿಗಳು 1933ರಲ್ಲಿ ಆ ದೇಶವನ್ನು ಮುಟ್ಟಿದುವು. ಅಲ್ಲಿನ ಕೆನಲ್ ಕ್ಲಬ್ಬು 1935ರಲ್ಲಿ ಈ ಜಾತಿಯನ್ನು ಟೆರಿಯರುಗಳ ಪಂಕ್ತಿಯಲ್ಲಿ ಕೂರಿಸಿತು. 1959ರಲ್ಲಿ ಎಬ್ಬಿಸಿ, ಬೇಟೆಗೆ ಸೇರದ ನಾಯಿಗಳ ಪಂಕ್ತಿಗೆ ಕಳುಹಿತು. ಬಲ್ಲವರಿಗೇ ಇಷ್ಟು ತೊಡಕಾದ ಪ್ರಾಣಿ ನಮ್ಮ ಗದರಿಕೆಗೆ ಮಣಿದೀತೆ?

ಮರಿಯನ್ನು ಆರಿಸುವಾಗ ಕೂದಲ ಚೆಲುವಿಗೆ ಮರುಳಾಗಲಾಗದು. ತಾಯಿನಾಯಿಯನ್ನು ಕಣ್ಣಾರೆ ನೋಡಬೇಕು. ಅದು ಅಂಜುಬುರುಕಿಯಾಗಿದ್ದರೆ ಹಿಂದಿರುಗುವುದೇ ಲೇಸು. ವಂಶದಲ್ಲಿ ಮೂತ್ರಪಿಂಡದ ದೋಷವಾಗಲಿ ದೃಷ್ಟಿ ಕ್ರಮೇಣ ಕುಂದುವ ರೋಗವಾಗಲಿ ಉಂಟೇ ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. 8 ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಹನ್ನೆರಡು ಹದಿನೈದು ವರ್ಷ ಜೊತೆಗಿರುವ ಜೀವವಿದು. ಎರಡು ದಿನದ ವಿಚಾರಣೆ ಹೆಚ್ಚಲ್ಲ.

ಇನ್ನು ಕೂದಲು. ಟಿಬೆಟ್ಟಿನ ಚಳಿಗೆ ಒದಗಿದ ಎರಡು ಪದರದ ಕಂಬಳಿ ಅದು. ನಮ್ಮ ಬೇಸಗೆಯಲ್ಲಿ ಅಂಗುಲದಷ್ಟಕ್ಕೆ ಕತ್ತರಿಸಿದರೆ ನಾಯಿಗೂ ಸುಖ, ಒಡೆಯನಿಗೂ ಸುಖ. ನೀಳವಾಗಿಯೇ ಇರಲೆಂಬ ಆಸೆಯುಳ್ಳವರು ದಿನವೂ ಬುಡದವರೆಗೆ ಬಾಚಲೇಬೇಕು. ಮೇಲೆಮೇಲೆ ಸವರಿದರೆ ಹೊರಗೆ ರೇಷ್ಮೆ, ಒಳಗೆ ಗಂಟು. ಸ್ನಾನದ ಬಳಿಕ ಬುಡ ಪೂರ್ತಿ ಆರಬೇಕು. ಕಣ್ಣಿನ ಮೇಲೆ ಬೀಳುವ ಎಳೆಗಳನ್ನು ಕಟ್ಟುವುದೋ ಕತ್ತರಿಸುವುದೋ ನಿಮ್ಮ ಇಷ್ಟ. ಬಿಡುವುದು ಮಾತ್ರ ಸಲ್ಲದು.

ಇದನ್ನೆಲ್ಲ ಬಲ್ಲ ನಾನೇ ಒಂದು ವರ್ಷ ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯಲ್ಲಿ ಮೂರು ವಾರ ಬಾಚಣಿಗೆ ಮುಟ್ಟಲಿಲ್ಲ. ನಮ್ಮ ನಾಯಿ ತಲೆ ಕೊಡಹುತ್ತಿತ್ತು, ಹಟವೆಂದು ಗದರಿದೆ. ಕೊನೆಗೆ ಪಶುವೈದ್ಯರು ಕಿವಿಯ ಹಿಂದಿನ ಗಂಟನ್ನು ಕತ್ತರಿಸಿದಾಗ, ಕೆಳಗೆ ಕೀತ ಹುಣ್ಣಿತ್ತು. ಅದು ಹತ್ತು ದಿನದಲ್ಲಿ ಮಾಯಿತು. ಆದರೆ ನಾನು ಕೈ ಚಾಚಿದರೆ ಮುಖ ತಿರುಗಿಸುವುದು ತಿಂಗಳುಗಟ್ಟಲೆ ನಿಲ್ಲಲಿಲ್ಲ. ನನ್ನ ಮಗಳ ಬಳಿ ಮಾತ್ರ ಕಿವಿಯೊಡ್ಡುತ್ತಿತ್ತು. ಹಿಡಿದು ಬಾಚಲು ಹೋದಷ್ಟೂ ಮಂಚದಡಿ ಸೇರುತ್ತಿತ್ತು.

ಈಗ ಸಂಜೆ ಬಾಚಣಿಗೆಯನ್ನು ಪಕ್ಕದಲ್ಲಿಟ್ಟು ಚಾಪೆಯ ಮೇಲೆ ಸುಮ್ಮನೆ ಕೂರುತ್ತೇನೆ. ಕೆಲವು ದಿನ ಐದು ನಿಮಿಷಕ್ಕೆ ಬರುತ್ತದೆ, ಕೆಲವು ದಿನ ಅರ್ಧ ಗಂಟೆಗೆ.