ಟಿಕೀಟು ಹಚ್ಚದ ಕಾಗದ



ನಮ್ಮೂರ ಕಡೆ ಅಂಚೆ ಚೀಟಿಗೂ ಟಿಕೀಟು ಅಂತಲೇ ಹೇಳ್ತಾರೆ. ಬಹರೈನ್‌ನಲ್ಲಿರುವ ನಮಗೆ ಎರಡೂ ಟಿಕೀಟಿನ ಚಿಂತೆ. ವಿದೇಶದಲ್ಲಿರುವ ಭಾರತೀಯರೂ ಮತದಾರರ ಪಟ್ಟಿಗೆ ಸೇರಬಹುದು ಎಂದು 2010ರಲ್ಲಿ ಕಾನೂನಿಗೆ ತಿದ್ದುಪಡಿ ಆಯಿತು. ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಹೋಗಬೇಕು. ಅದಕ್ಕೆ ವಿಮಾನದ ಟಿಕೀಟು ಬೇಕು. ಹೋಗಲಾಗದವನಿಗೆ ಉಳಿಯುವುದು ಶಾಸಕರಿಗೋ ಸಂಸದರಿಗೋ ಒಂದು ಕಾಗದ.

"ನಾವೇ ಆರಿಸಿದವರಿಗೆ ಬರೆಯೋಕೆ ಸ್ಟಾಂಪು ಯಾಕೆ?" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆಯೇ. ಕೆನಡಾದಲ್ಲಿ ಪ್ರಜೆಗಳು ತಮ್ಮ ಸಂಸದರಿಗೆ ಒಟ್ಟಾವಾದ ಸಂಸತ್ತಿನ ವಿಳಾಸಕ್ಕೆ ಸ್ಟಾಂಪಿಲ್ಲದೆಯೇ ಕಾಗದ ಹಾಕಬಹುದು. ನ್ಯೂಜಿಲೆಂಡಿನಲ್ಲೂ ಹಾಗೇ. ಬ್ರಿಟನ್ನಿನಲ್ಲಿ ಸಂಸದರಿಗೆ ಹಿಂದೆ ಉಚಿತ ಅಂಚೆಯ ಸವಲತ್ತಿತ್ತು. ಬೇರೆಯವರ ಕಾಗದಗಳೂ ಅವರ ಹೆಸರಿನಲ್ಲಿ ಓಡಾಡತೊಡಗಿ, ಅದು ದುರುಪಯೋಗವಾಗಿ, 1840ರಲ್ಲಿ ರದ್ದಾಯಿತು.

ನಮ್ಮ ದೇಶದಲ್ಲಿ ಹಾಗಿಲ್ಲ. ಸ್ಟಾಂಪಿಲ್ಲದ ಕಾಗದ 'ಬೇರಿಂಗ್' ಆಗುತ್ತದೆ. ಕಡಿಮೆ ಬಿದ್ದ ಹಣದ ಎರಡರಷ್ಟನ್ನು ಪಡೆಯುವವರಿಂದ ವಸೂಲಿ ಮಾಡುವುದು ನಮ್ಮ ಅಂಚೆಯ ಹಳೆಯ ಪದ್ಧತಿ. 5 ರೂಪಾಯಿ ಹಚ್ಚಬೇಕಾದಲ್ಲಿ 10 ರೂಪಾಯಿ. ವಿದೇಶದಿಂದ ಹೋದ ಕಾಗದಕ್ಕೆ ಸ್ಟಾಂಪು ಕಡಿಮೆಯಾದರೆ 'ಟಿ' ಎಂಬ ಮುದ್ರೆ ಬೀಳುತ್ತದೆ. ಪೋಸ್ಟ್‌ಮ್ಯಾನ್ ಅದನ್ನು ಹಿಡಿದು ಶಾಸಕರ ಕಚೇರಿಗೆ ಹೋಗ್ತಾನೆ. ಅಲ್ಲಿ ಬಾಗಿಲಲ್ಲಿರುವವರು ಒಬ್ಬ ಗುಮಾಸ್ತರು. ಕಿಸೆಯಿಂದ ಹತ್ತು ರೂಪಾಯಿ ತೆಗೆದರೆ ಕಾಗದ ಒಳಗೆ. "ಬೇಡಪ್ಪ" ಅಂದರೆ ವಾಪಸ್. ಹಿಂಬದಿಯಲ್ಲಿ ಕಳಿಸಿದವರ ವಿಳಾಸ ಇಲ್ಲದಿದ್ದರೆ ವಾರಸುದಾರರಿಲ್ಲದ ಕಾಗದಗಳ ಕಚೇರಿಗೆ. ಒಳಗೆ ಸಂಬಳ ಬಾಕಿಯ ವಿಷಯ ಇತ್ತೋ, ಸತ್ತವರ ದೇಹ ಊರಿಗೆ ತರುವ ವಿಷಯ ಇತ್ತೋ, ಪ್ರತಿನಿಧಿಗೆ ಗೊತ್ತೇ ಆಗುವುದಿಲ್ಲ. ಅವರು ಓದಿ ಇಲ್ಲ ಅಂದರೆ ಅದೊಂದು ಉತ್ತರ. ಇಲ್ಲಿ ಇಲ್ಲ ಅಂದದ್ದು ಬಾಗಿಲು.

ನಮ್ಮ ಸಂವಿಧಾನದ 350ನೇ ವಿಧಿ ನೋಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಅದು. ಅಂದರೆ ರಾಯಭಾರ ಕಚೇರಿಗೂ ಕನ್ನಡದಲ್ಲಿ ಬರೆಯಬಹುದು. ಇಂಗ್ಲಿಷ್ ಬರಲ್ಲ ಅಂತ ಯಾರೂ ಸುಮ್ಮನಿರಬೇಕಿಲ್ಲ. ಭಾಷೆಯ ಸುಂಕವನ್ನು ಸಂವಿಧಾನ ತೆಗೆದುಹಾಕಿದೆ. ಅಂಚೆಯ ಸುಂಕ ಇನ್ನೂ ಉಳಿದಿದೆ.

1884ರಲ್ಲೇ ಮನಾಮಾದಲ್ಲಿ ಭಾರತೀಯ ಅಂಚೆ ಕಚೇರಿ ತೆರೆದಿತ್ತು. ಈ ಮಣ್ಣಿನಿಂದ ಊರಿಗೆ ಕಾಗದ ಹೋಗುವುದು ಹೊಸದೇನಲ್ಲ. ಈಗ 'ಮದದ್' ಜಾಲತಾಣವಿದೆ, ವಾಟ್ಸಾಪ್ ಇದೆ. ಆದರೂ ಊರಿನಲ್ಲಿರುವ ವಯಸ್ಸಾದ ತಾಯಿಗೆ ಗೊತ್ತಿರುವುದು ಅಂಚೆ ಡಬ್ಬವೇ.

ಹಾಗಾಗಿ ನನ್ನದು ಮೂರು ಮಾತು. ಒಂದು, ಬದಲಾಗುವ ತನಕ ಸ್ಟಾಂಪು ಹಚ್ಚಿ, ಹಿಂದೆ ವಿಳಾಸ ಬರೆಯಿರಿ, ದಾಖಲೆಗಳ ನಕಲು ಮಾತ್ರ ಇಡಿ. ಎರಡು, ಊರಿನ ಪ್ರತಿನಿಧಿಗಳು ಇಲ್ಲಿಗೆ ಬಂದಾಗ ಶಾಲು ಹೊದಿಸುವ ನಾವು ಒಂದು ಮಾತನ್ನೂ ಕೇಳೋಣ: ಬೇರಿಂಗ್ ಕಾಗದ ಬಂದರೆ ಬಿಡಿಸಿಕೊಳ್ಳಿ, ಅದಕ್ಕೆಂದು ಕಚೇರಿಯಲ್ಲಿ ಚಿಲ್ಲರೆ ಇಡಿ. ಮೂರು, ಕೆನಡಾದ ಪದ್ಧತಿ ನಮ್ಮಲ್ಲೂ ಬರಲಿ ಎಂದು ವೇದಿಕೆಯಿಂದ ಒಂದು ಮನವಿ ಕಳಿಸೋಣ.

ಕನ್ನಡದಲ್ಲೇ ಬರೆಯೋಣ. ಟಿಕೀಟು ಹಚ್ಚಿಯೇ ಕಳಿಸೋಣ.